ಟ್ರಾನ್ಸ್‌ಜೆಂಡರ್ ನರ್ಸ್ ಆಗಿ ಮಕ್ಕಳ ವಾರ್ಡಿಗೆ: ಮೊದಲು ಕಾಗದ ಸರಿಮಾಡಿ

ಸಿಇಟಿ ಫಲಿತಾಂಶ ಬಂತು ಅಂದರೆ ಶಿವಮೊಗ್ಗದಲ್ಲಿ ಪ್ರತಿ ವರ್ಷ ಇದೇ ಗಡಿಬಿಡಿ. ನರ್ಸಿಂಗ್ ಓದಬೇಕು, ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಬೇಕು ಅಂತ ಆಸೆ ಇಟ್ಟುಕೊಂಡ ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳು ಸೀಟು ಕೈಗೆ ಬರುವ ಹೊತ್ತಿಗೆ ಸರಿಯಾಗಿ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು. ಓದಲಾರದೆ ಬಿಟ್ಟವರು ಕಡಿಮೆ, ಕಾಗದ ಹೊಂದದೆ ಬಿಟ್ಟವರೇ ಜಾಸ್ತಿ. ಹಾಗಾಗಿ ಇಲ್ಲಿ ಕಾಗದದ ಮಾತನ್ನೇ ಉದ್ದಕ್ಕೆ ಬರೆದಿದ್ದೇನೆ. ಬೇಸರ ಮಾಡಿಕೊಳ್ಳದೆ ಓದಿ.

1. ಕೋರ್ಸ್ ಆರಿಸಿಕೊಳ್ಳುವುದು

ಎರಡು ದಾರಿ ಇವೆ. ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ, ಇಲ್ಲವೇ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಜಿಎನ್‌ಎಂಗೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ನಡೆಯುತ್ತದೆ, ಶೇ 40 ಅಂಕ ಮತ್ತು ಇಂಗ್ಲಿಷ್ ಬೇಕು. ಬಿಎಸ್ಸಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಶೇ 45 ಬೇಕು, ಪರಿಶಿಷ್ಟರಿಗೆ ಶೇ 40. ಬಿಎಸ್ಸಿ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ.

ನನ್ನ ಕೇಳಿದರೆ, ಅಂಕ ಇದ್ದವರು ಬಿಎಸ್ಸಿಗೇ ಹೋಗಿ. ಮುಂದೆ ಮಕ್ಕಳ ಆರೋಗ್ಯದಲ್ಲೇ ಎಂಎಸ್ಸಿ ಮಾಡುವ ಮನಸ್ಸಾದರೆ ದಾರಿ ನೇರ. ಜಿಎನ್‌ಎಂ ಮಾಡಿದವರು ನಡುವೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿಸಿಕೊಂಡು ಬರಬೇಕಾಗುತ್ತದೆ.

ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ‘ಆರು ತಿಂಗಳಲ್ಲಿ ನರ್ಸ್ ಆಗಿ’ ಎಂಬ ಪೋಸ್ಟರ್ ಕಂಡರೆ ಮುಂದೆ ನಡೆಯಿರಿ. ಅದು ಸಹಾಯಕರ ತರಬೇತಿ. ಅದನ್ನು ಹಿಡಿದುಕೊಂಡು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುವುದಿಲ್ಲ. ನರ್ಸಿಂಗ್ ಅನ್ನು ಅಂಚೆ ಶಿಕ್ಷಣದಲ್ಲಿ ಕಲಿಸುತ್ತೇವೆ ಅನ್ನುವವರ ಮಾತನ್ನಂತೂ ಕೇಳಲೇಬೇಡಿ. ಕಾಲೇಜಿಗೆ ಹಣ ಕಟ್ಟುವ ಮೊದಲು ಅದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ.

2. ಗುರುತಿನ ಪ್ರಮಾಣಪತ್ರ

ಎಲ್ಲ ಕೆಡುವುದು ಇಲ್ಲಿ, ಅಂದರೆ ನೀವು ಟ್ರಾನ್ಸ್‌ಜೆಂಡರ್ ಎಂದು ಸರ್ಕಾರ ಕೊಡುವ ಪ್ರಮಾಣಪತ್ರದಲ್ಲಿ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಹಾಕಿದ್ದ ಮೊಕದ್ದಮೆಯ ತೀರ್ಪಿನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಗುರುತನ್ನು ಒಪ್ಪಿತು. ಆಮೇಲೆ ಅವರ ಹಕ್ಕುಗಳ ರಕ್ಷಣೆಗೆ 2019ರ ಕಾಯ್ದೆ ಬಂತು, 2020ರಲ್ಲಿ ಅದರ ನಿಯಮಗಳು ಬಂದವು. ನಾನು ಬರೆಯುತ್ತಿರುವುದು ಆ ನಿಯಮಗಳನ್ನು ಇಟ್ಟುಕೊಂಡು. ಕಾನೂನಿಗೆ ತಿದ್ದುಪಡಿ ಆಗುತ್ತಿರುತ್ತದೆ. ಅರ್ಜಿ ಹಾಕುವ ಮೊದಲು ಈಗ ನಡೆಯುತ್ತಿರುವ ನಮೂನೆ ಯಾವುದು, ಜೊತೆಗೆ ಏನೇನು ಕೇಳುತ್ತಾರೆ ಎಂದು ಡಿಸಿ ಆಫೀಸಿನಲ್ಲಿ ವಿಚಾರಿಸಿ. ಪಕ್ಕದ ಮನೆಯವರು ಮೂರು ವರ್ಷದ ಹಿಂದೆ ಕೊಟ್ಟ ಜೆರಾಕ್ಸ್ ನಂಬಬೇಡಿ.

ಅರ್ಜಿ ಹೋಗುವುದು ಕೇಂದ್ರದ ರಾಷ್ಟ್ರೀಯ ಪೋರ್ಟಲ್ ಮೂಲಕ, ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. 2020ರ ನಿಯಮದಲ್ಲಿ ಅರ್ಜಿ ನಮೂನೆ 1, ಅಫಿಡವಿಟ್ ನಮೂನೆ 2. ಪ್ರಮಾಣಪತ್ರ ಕೊಡಲು 30 ದಿನ ಗಡುವು. ತಿರಸ್ಕಾರವಾದರೆ ಮೇಲ್ಮನವಿಗೆ 90 ದಿನ. ಸೈಬರ್ ಸೆಂಟರಿನವರು ಅವಸರದಲ್ಲಿ ಇನ್ಯಾವುದೋ ಅಫಿಡವಿಟ್ ಟೈಪ್ ಮಾಡಿ ಕೊಡುತ್ತಾರೆ. ನಮೂನೆ ಪ್ರಿಂಟ್ ತೆಗೆದುಕೊಂಡು ಹೋಗಿ, ಅದರಲ್ಲಿ ಇದ್ದ ಹಾಗೇ ಟೈಪ್ ಮಾಡಿಸಿ.

ಜಾರುವ ಜಾಗ ಎರಡು. ಒಂದು, ವಿಳಾಸ. ಅರ್ಜಿ ಹಾಕುವ ದಿನಕ್ಕೆ ಆ ಜಿಲ್ಲೆಯಲ್ಲಿ ಸತತ 12 ತಿಂಗಳು ವಾಸ ಇರಬೇಕು. ಹೊಸನಗರ, ಸೊರಬ ಕಡೆಯಿಂದ ಮನೆ ಬಿಟ್ಟು ಬೆಂಗಳೂರಿಗೆ ಹೋಗಿ ಆರು ತಿಂಗಳಿಗೆ ವಾಪಸ್ ಬಂದವರು ಎಲ್ಲಿ ಅರ್ಜಿ ಹಾಕಬೇಕು ಎಂದು ತಿಳಿಯದೆ ಎರಡೂ ಕಡೆ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ. ವಾಸದ ದಾಖಲೆ ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ಒಂದೇ ಅರ್ಜಿ ಹಾಕಿ.

ಎರಡು, ವಯಸ್ಸು. ಪಿಯುಸಿ ಮುಗಿಸುವ ಹೊತ್ತಿಗೆ ತುಂಬ ಮಕ್ಕಳಿಗೆ 17. ಹದಿನೆಂಟು ತುಂಬದವರ ಪರವಾಗಿ ಅರ್ಜಿ ಹಾಕಬೇಕಾದವರು ಅಪ್ಪ, ಅಮ್ಮ ಅಥವಾ ಪೋಷಕರು. ಮನೆಯಲ್ಲಿ ಒಪ್ಪಿಗೆ ಇಲ್ಲದಿದ್ದರೆ ಕಾಯಬೇಕು. ಹಾಗಂತ ಸಿಇಟಿ ಬಿಡಬೇಡಿ! ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹೆಸರಿನಲ್ಲೇ ಪರೀಕ್ಷೆ ಬರೆಯಿರಿ, ಅದೇ ಹೆಸರಿನಲ್ಲಿ ಸೀಟು ತೆಗೆದುಕೊಳ್ಳಿ. ಕೊನೆಯ ವರ್ಷದೊಳಗೆ ಎಲ್ಲವನ್ನೂ ಬದಲಾಯಿಸಿಕೊಳ್ಳಲು ಸಮಯ ಇರುತ್ತದೆ. ಹಳೆಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಇನ್ನೊಂದಷ್ಟು ದಿನ ಕೇಳಿಸಿಕೊಳ್ಳುವುದು ಕಷ್ಟವೇ. ಆದರೂ ಒಂದು ವರ್ಷ ಮನೆಯಲ್ಲಿ ಕೂರುವುದಕ್ಕಿಂತ ಹಾಸ್ಟೆಲ್‌ನಲ್ಲಿ ಓದಿಕೊಂಡಿರುವುದೇ ವಾಸಿ ಅಲ್ವಾ?

3. ಹೆಸರು ಬದಲಾವಣೆಯ ಸರದಿ

ಪ್ರಮಾಣಪತ್ರ ಬಂದ ಮೇಲೆ ಕೈಗೆ ಸಿಕ್ಕ ಕಾಗದವನ್ನೆಲ್ಲ ಒಟ್ಟಿಗೆ ಬದಲಾಯಿಸಲು ಹೊರಡಬೇಡಿ. ಅಂಗಿಯ ಗುಂಡಿ ಹಾಕಿದ ಹಾಗೆ, ಮೊದಲನೆಯದು ತಪ್ಪಿದರೆ ಕೊನೆಯವರೆಗೂ ತಪ್ಪುತ್ತದೆ.

ಮೊದಲು ಹೊಸ ಹೆಸರಿನ ಸ್ಪೆಲ್ಲಿಂಗ್ ತೀರ್ಮಾನ ಮಾಡಿ, ಒಂದು ಚೀಟಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಉದಾಹರಣೆಗೆ ‘ದೀಪಿಕಾ ಹೆಚ್’ ಅಂತ ಇಟ್ಟುಕೊಳ್ಳೋಣ. ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಒಂದು ಕಡೆ ‘ದೀ’ಗೆ ಎರಡು ಇ, ಇನ್ನೊಂದು ಕಡೆ ಒಂದು ಐ. ಒಂದು ಕಡೆ ಹೆಚ್ ಪಕ್ಕ ಚುಕ್ಕಿ, ಇನ್ನೊಂದು ಕಡೆ ಇಲ್ಲ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಕೌಂಟರಿನಲ್ಲಿ ಬಾಯಲ್ಲಿ ಹೇಳಬೇಡಿ, ಚೀಟಿ ತೋರಿಸಿ. ಟೈಪ್ ಮಾಡಿದ್ದನ್ನು ಸಲ್ಲಿಸುವ ಮೊದಲು ಪರದೆ ತಿರುಗಿಸಿ ತೋರಿಸಿ ಅಂತ ಕೇಳಿ. ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆಮೇಲೆ ಆಧಾರ್. ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರವನ್ನು ಆಧಾರ್ ಕೇಂದ್ರದಲ್ಲಿ ದಾಖಲೆಯಾಗಿ ಒಪ್ಪುತ್ತಾರೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಎರಡೇ ಅವಕಾಶ, ಲಿಂಗದ ಕಾಲಂಗೆ ಒಂದೇ. ‘ಸದ್ಯಕ್ಕೆ ಹೆಣ್ಣು ಅಂತ ಹಾಕಿಸೋಣ, ಆಮೇಲೆ ನೋಡೋಣ’ ಅಂತ ಮಾಡಿದರೆ ಆ ಒಂದು ಅವಕಾಶ ಹೋಯಿತು. 2019ರ ಕಾಯ್ದೆಯ ಪ್ರಕಾರ ಮೊದಲ ಪ್ರಮಾಣಪತ್ರದಲ್ಲಿ ಬರುವುದು ‘ಟ್ರಾನ್ಸ್‌ಜೆಂಡರ್’ ಎಂದು. ಶಸ್ತ್ರಚಿಕಿತ್ಸೆಯ ನಂತರ ಗಂಡು ಅಥವಾ ಹೆಣ್ಣು ಎಂದು ಬೇಕಿದ್ದರೆ ಪರಿಷ್ಕೃತ ಪ್ರಮಾಣಪತ್ರಕ್ಕೆ ಬೇರೆ ಅರ್ಜಿ. ಯಾವುದು ಬೇಕು ಎಂದು ಮೊದಲೇ ಕೂತು ಯೋಚಿಸಿ.

ಮೂರನೆಯದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ತಾಳ್ಮೆ ಬೇಕಾಗುವುದು ಇದಕ್ಕೇ. ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಬೆಂಗಳೂರಿನ ಪರೀಕ್ಷಾ ಮಂಡಳಿಗೆ ಹೋಗಬೇಕು. ‘ಟಿಸಿ ಕೊಟ್ಟಾಯ್ತು, ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂಬ ಉತ್ತರ ಮೊದಲ ಸಲ ಬರುತ್ತದೆ. ಪ್ರಮಾಣಪತ್ರ ತೋರಿಸಿದವರಿಗೆ ದಾಖಲೆ ಕೊಟ್ಟ ಕಚೇರಿಯೇ ಅರ್ಜಿ ಬಂದ 15 ದಿನದೊಳಗೆ ತಿದ್ದಿಕೊಡಬೇಕು ಎಂದು 2020ರ ನಿಯಮ ಹೇಳುತ್ತದೆ. ಆ ಪುಟದ ಪ್ರಿಂಟ್ ಜೊತೆಗಿಟ್ಟು ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಜಗಳಕ್ಕಿಂತ ಸ್ವೀಕೃತಿ ಸಹಿಗೆ ಬಲ ಜಾಸ್ತಿ.

ಅಂಕಪಟ್ಟಿ ಆದ ಮೇಲೆ ಪಿಯುಸಿ, ಆಮೇಲೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕೊನೆಗೆ ಬ್ಯಾಂಕ್ ಮತ್ತು ಪ್ಯಾನ್. ಜಾತಿ ಪ್ರಮಾಣಪತ್ರ ಹೊಸದಾದರೆ ಅದರ ಮೇಲಿನ ಆರ್‌ಡಿ ಸಂಖ್ಯೆಯೂ ಹೊಸದು. ಕೆಇಎ ಅರ್ಜಿಯಲ್ಲಿ ಹಳೆಯ ಸಂಖ್ಯೆ ಹಾಕಿ ಕೂರಬೇಡಿ. ಮಲೆನಾಡಿನ ಮಕ್ಕಳು ಹೆಚ್ಚಿನವರು ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಕೇಳುವವರು. ಅದಕ್ಕೆ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆಯ ರಿಜಿಸ್ಟರಿನಲ್ಲಿ ಹಳೆಯ ಹೆಸರೇ ಇರುತ್ತದೆ. ಎರಡೂ ಹೆಸರು ಒಬ್ಬರದೇ ಎನ್ನುವ ನೋಟರಿ ಅಫಿಡವಿಟ್ ಒಂದನ್ನು ಮೂಲ ಪ್ರತಿಯಾಗಿಯೇ ಫೈಲಿನಲ್ಲಿ ಇಟ್ಟುಕೊಂಡಿರಿ.

ಇನ್ನೊಂದು ಮಾತು. ನಮ್ಮ ಮಳೆಗೆ ಹೆದರಿ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸುವ ಚಟ ಬಿಡಿ. ಲ್ಯಾಮಿನೇಟ್ ಆದ ಕಾಗದದ ಮೇಲೆ ಸೀಲು ಕೂರುವುದಿಲ್ಲ, ಕಿತ್ತರೆ ಅಕ್ಷರವೂ ಬರುತ್ತದೆ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರ್ ಸಾಕು. ಜೆಲ್ ಪೆನ್ ಬೇಡವೇ ಬೇಡ. ಜುಲೈ ತಿಂಗಳಲ್ಲಿ ಸಾಗರದ ಬಸ್ಸಿನಲ್ಲಿ ತೊಡೆಯ ಮೇಲೆ ಫೈಲ್ ಇಟ್ಟುಕೊಂಡು ಬಂದವರ ಅರ್ಜಿಯ ಸಹಿ ನೀಲಿ ಮಚ್ಚೆಯಾಗಿರುತ್ತದೆ. ಬಾಲ್ ಪೆನ್ ಇಟ್ಟುಕೊಳ್ಳಿ.

4. ಪ್ರವೇಶ ಮತ್ತು ಓದು

ಸೀಟು ಸಿಕ್ಕ ದಿನವೇ ಹಾಸ್ಟೆಲ್ ವಿಷಯ ಮಾತಾಡಿ, ಕಾಲೇಜು ಶುರುವಾದ ಮೇಲಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆರು ತಿಂಗಳು ಹಿಡಿಯುತ್ತದೆ, ಬೇಗ ಶುರು ಮಾಡಿ. ಕೇಂದ್ರದ ಸ್ಮೈಲ್ ಯೋಜನೆಯಲ್ಲಿ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಇದೆ. ಅದಕ್ಕೂ ಅದೇ ಪ್ರಮಾಣಪತ್ರ ಬೇಕು.

ಕೇರಳದಲ್ಲಿ 2023ರಲ್ಲಿ ಬಿಎಸ್ಸಿ ನರ್ಸಿಂಗ್‌ಗೆ ಒಂದು, ಜನರಲ್ ನರ್ಸಿಂಗ್‌ಗೆ ಒಂದು ಸೀಟನ್ನು ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಮೀಸಲಿಟ್ಟರು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಓದಿ ಇಲ್ಲಿ ಬಂದು ಕೇಳುವವರಿದ್ದಾರೆ. 2021ರಲ್ಲಿ ಕರ್ನಾಟಕ ತಂದ ಶೇ 1 ಮೀಸಲಾತಿ ಸರ್ಕಾರಿ ನೇಮಕಾತಿಯದು, ಕಾಲೇಜು ಸೀಟಿನದಲ್ಲ. ಎರಡನ್ನೂ ಬೆರೆಸಬೇಡಿ.

ಮಕ್ಕಳ ಆರೋಗ್ಯ ಶುಶ್ರೂಷೆ ಬಿಎಸ್ಸಿಯಲ್ಲಿ ಐದು ಮತ್ತು ಆರನೇ ಸೆಮಿಸ್ಟರಿನಲ್ಲಿ ಬರುತ್ತದೆ. ಆಗ ವಾರ್ಡ್ ಪೋಸ್ಟಿಂಗ್ ತಪ್ಪಿಸಬೇಡಿ.

5. ನೋಂದಣಿ ಮತ್ತು ಕೆಲಸ

ಓದು ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. ಅಂಕಪಟ್ಟಿಯ ಹೆಸರು, ಆಧಾರ್ ಹೆಸರು ಇಲ್ಲಿ ಕೊನೆಯ ಸಲ ಮುಖಾಮುಖಿ ಆಗುತ್ತವೆ. ಮೂರನೇ ಹೆಜ್ಜೆ ಸರಿಯಾಗಿ ಮಾಡಿದವರಿಗೆ ಇದು ಒಂದು ಅರ್ಜಿಯ ಕೆಲಸ ಅಷ್ಟೇ.

ಸರ್ಕಾರಿ ನೇಮಕಾತಿಯ ಶೇ 1 ಅಡ್ಡ ಮೀಸಲಾತಿ. ಅಂದರೆ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಹೀಗೆ ಪ್ರತಿಯೊಂದರ ಒಳಗೂ ಲೆಕ್ಕ. ಅರ್ಹ ಅಭ್ಯರ್ಥಿ ಸಿಗದಿದ್ದರೆ ಅದೇ ವರ್ಗದ ಬೇರೆಯವರಿಗೆ ಹೋಗುತ್ತದೆ. ಆದ್ದರಿಂದ ಲಿಂಗದ ಕಾಲಂನಲ್ಲಿ ಮುಜುಗರಕ್ಕೆ ‘ಮಹಿಳೆ’ ಒತ್ತಿ, ಆಮೇಲೆ ಮೀಸಲಾತಿ ಕೇಳಬೇಡಿ. ನವಜಾತ ಶಿಶುಗಳ ವಿಶೇಷ ಆರೈಕೆಯ ಎಸ್‌ಎನ್‌ಸಿಯು ಘಟಕಗಳಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೇಮಕಾತಿಯೂ ಇರುತ್ತದೆ. ಅದರ ಷರತ್ತು ಬೇರೆ, ಪ್ರಕಟಣೆ ಪೂರ್ತಿ ಓದಿ. ಮಕ್ಕಳ ಜೊತೆ ಕೆಲಸ ಅಂದಾಗ ಖಾಸಗಿ ಆಸ್ಪತ್ರೆಗಳು ಪೊಲೀಸ್ ಪರಿಶೀಲನಾ ಪತ್ರ ಕೇಳಬಹುದು. ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಮೊದಲೇ ತೆಗೆದಿಟ್ಟುಕೊಳ್ಳಿ. ತಮಿಳುನಾಡಿನಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆ ಅನ್ಬು ರೂಬಿ ಅವರು 2019ರಲ್ಲೇ ಸರ್ಕಾರಿ ನರ್ಸ್ ನೇಮಕಾತಿ ಆದೇಶ ಪಡೆದರು. ‘ಇದುವರೆಗೆ ಯಾರೂ ಇಲ್ಲ’ ಅನ್ನುವ ಸಂದರ್ಶಕರಿಗೆ ಹೇಳಲು ನೆನಪಿರಲಿ.

6. ಮಕ್ಕಳ ವಾರ್ಡಿನ ಒಳಗೆ

ಮಕ್ಕಳು ಕೇಳಿಯೇ ಕೇಳುತ್ತಾರೆ: ‘ನೀನು ಅಣ್ಣನಾ, ಅಕ್ಕನಾ?’ ಹಾಸಿಗೆಯ ಮಟ್ಟಕ್ಕೆ ಬಗ್ಗಿ, ‘ನಾನು ನಿನ್ನ ನರ್ಸ್, ಅಕ್ಕ ಅನ್ನು’ ಅಂದರೆ ಮುಗಿಯಿತು. ಅಷ್ಟರಲ್ಲಿ ಮಗು ತನಗೆ ಬೇಕಾದ ಪ್ರಶ್ನೆಗೆ ಹೋಗಿರುತ್ತದೆ: ಸೂಜಿ ಚುಚ್ತೀಯಾ? ಇದಕ್ಕೆ ಮಾತ್ರ ಸುಳ್ಳು ಹೇಳಬೇಡಿ. ‘ಸ್ವಲ್ಪ ನೋಯುತ್ತೆ, ಅಮ್ಮನ ಕೈ ಹಿಡ್ಕೋ’ ಅನ್ನಿ. ಟೇಪಿನ ತುಂಡುಗಳನ್ನು ಮೊದಲೇ ಕತ್ತರಿಸಿ ಟ್ರೇ ಅಂಚಿಗೆ ಅಂಟಿಸಿಟ್ಟಿರಿ. ಹಳದಿ ಬಣ್ಣದ 24 ನಂಬರ್ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಕೈಗೆ ಸಿಗುವಂತಿರಲಿ. ಮಳೆಗಾಲದಲ್ಲಿ ಮಗುವಿನ ಕೈ ತಣ್ಣಗಿದ್ದರೆ ರಕ್ತನಾಳ ಸಿಗುವುದಿಲ್ಲ. ಬೆಚ್ಚಗೆ ಮಾಡಿಕೊಂಡು ಆಮೇಲೆ ಹುಡುಕಿ.

ಡೋಸ್ ಲೆಕ್ಕದಲ್ಲಿ ನೀವು ಬೇರೆಯವರಿಗಿಂತ ಒಂದು ಕೈ ಮೇಲಿರಬೇಕು. ಇದು ನ್ಯಾಯ ಅಲ್ಲ, ಆದರೂ ನಿಮ್ಮ ಸಣ್ಣ ತಪ್ಪೂ ದೊಡ್ಡ ಸುದ್ದಿಯಾಗುತ್ತದೆ. ಎಂಟು ಕೆಜಿ ಮಗುವಿಗೆ ವೈದ್ಯರು ಕೆಜಿಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಬರೆದರೆ 120 ಮಿಲಿಗ್ರಾಂ. ಐದು ಮಿಲಿಲೀಟರಿನಲ್ಲಿ 125 ಇರುವ ಸಿರಪ್ ಆದರೆ 4.8 ಮಿಲಿಲೀಟರ್, 250 ಇರುವುದಾದರೆ 2.4, ಒಂದೇ ಮಿಲಿಲೀಟರಿನಲ್ಲಿ 100 ಇರುವ ಡ್ರಾಪ್ಸ್ ಆದರೆ 1.2. ಬಾಟಲಿ ಮೇಲಿನ ಅಂಕಿ ಓದದೆ ‘ಒಂದು ಚಮಚ’ ಅನ್ನುವ ಅಭ್ಯಾಸ ಹಳಬರಲ್ಲೂ ಇದೆ. ಅದನ್ನು ಕಲಿಯಬೇಡಿ.

ತಕರಾರು ಬರುವುದು ದೊಡ್ಡವರಿಂದ. ‘ಬೇರೆ ಸಿಸ್ಟರ್ ಕಳಿಸಿ’ ಎಂದು ಯಾವುದಾದರೂ ಅಪ್ಪ ಅಂದರೆ ಹಾಸಿಗೆ ಪಕ್ಕ ವಾದ ಮಾಡಬೇಡಿ, ಡ್ಯೂಟಿಯನ್ನೂ ಸುಮ್ನೆ ಬಿಟ್ಟುಕೊಡಬೇಡಿ. ವಾರ್ಡ್ ಇನ್‌ಚಾರ್ಜ್ ಸಿಸ್ಟರನ್ನು ಕರೆಯಿರಿ, ಮಾತಾಡುವುದು ಅವರ ಕೆಲಸ. ಮಗುವಿನ ಬಟ್ಟೆ ಸರಿಸಬೇಕಾದ ಯಾವ ಕೆಲಸವನ್ನೂ ತಾಯಿ ಅಥವಾ ಜೊತೆಗಿರುವವರ ಎದುರೇ ಮಾಡಿ, ಚಾರ್ಟಿನಲ್ಲಿ ಸಮಯ ಹಾಕಿ ಬರೆಯಿರಿ. ಇದು ಎಲ್ಲ ನರ್ಸ್‌ಗಳಿಗೂ ಇರುವ ಪಾಠ, ನಿಮಗೆ ರಕ್ಷಣೆಯೂ ಹೌದು.

ಗುರುತಿನ ಕಾರಣಕ್ಕೆ ಕೆಲಸದಿಂದ ತೆಗೆದರೆ ಸುಮ್ಮನಿರಬೇಕಿಲ್ಲ. ಉತ್ತರ ಪ್ರದೇಶ ಮತ್ತು ಗುಜರಾತಿನ ಖಾಸಗಿ ಶಾಲೆಗಳಲ್ಲಿ ಕೆಲಸ ತಪ್ಪಿದ ಟ್ರಾನ್ಸ್‌ಜೆಂಡರ್ ಶಿಕ್ಷಕಿ ಜೇನ್ ಕೌಶಿಕ್ ಅವರಿಗೆ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. 2019ರ ಕಾಯ್ದೆಯ ಪ್ರಕಾರ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಿರಬೇಕು. ಅವರ ಹೆಸರು, ಫೋನ್ ನಂಬರನ್ನು ಕೆಲಸಕ್ಕೆ ಸೇರಿದ ವಾರವೇ ಕೇಳಿ ಬರೆದಿಟ್ಟುಕೊಳ್ಳಿ. ಗಲಾಟೆ ಆದ ದಿನ ಕೇಳಿದರೆ ಆಫೀಸಿನಲ್ಲಿ ಎಲ್ಲರಿಗೂ ಅದು ಮರೆತುಹೋಗಿರುತ್ತದೆ.