ಪರದೇಶದಲ್ಲಿ ಸಣ್ಣ ರೈತರಾಗಲು: ಜಮೀನು ಕೊಳ್ಳುವ ಮೊದಲು

ಬೇರೆ ದೇಶದಲ್ಲಿ ಒಂದೆರಡು ಎಕರೆ ಬೇಸಾಯ ಮಾಡಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ಜಮೀನು ಹುಡುಕುತ್ತಾರೆ. ಜಮೀನು ಕೊನೆಗೆ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಮೊದಲು ಆ ಪ್ರದೇಶದ ರೈತರೊಬ್ಬರ ಹೊಲದಲ್ಲಿ ಬಿತ್ತನೆಯಿಂದ ಮುಂದಿನ ಬಿತ್ತನೆಯವರೆಗೆ ಪೂರ್ತಿ ಒಂದು ವರ್ಷ ದುಡಿಯಬೇಕು. 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಗಿ ಈಗ ಅನೇಕ ದೇಶಗಳಲ್ಲಿರುವ ವೂಫ್ ಜಾಲದ ಮೂಲಕ ಸಾವಯವ ಕೃಷಿಕರ ಮನೆಯಲ್ಲೇ ಉಳಿದು, ಊಟ ವಸತಿ ಪಡೆದು ಕೆಲಸ ಕಲಿಯಬಹುದು. ಆದರೆ ಸಂಬಳವಿಲ್ಲದ ಇಂಥ ದುಡಿಮೆಯನ್ನೂ ಕೆಲವು ದೇಶಗಳು ಉದ್ಯೋಗವೆಂದೇ ಪರಿಗಣಿಸುವುದರಿಂದ, ಪ್ರವಾಸಿ ವೀಸಾ ಸಾಕೆಂದು ಭಾವಿಸಬಾರದು.

ಒಡೆತನದ ಹಕ್ಕು ಬೇರೆ, ವಾಸದ ಹಕ್ಕು ಬೇರೆ. ಒಂದು ದೊರೆತರೆ ಇನ್ನೊಂದು ತಾನಾಗಿ ದೊರೆಯುವುದಿಲ್ಲ. ಥಾಯ್ಲೆಂಡ್ ಮತ್ತು ಫಿಲಿಪ್ಪೀನ್ಸ್‌ಗಳಲ್ಲಿ ವಿದೇಶಿಯರು ಸಾಮಾನ್ಯವಾಗಿ ಭೂಮಿಯನ್ನು ಕೊಳ್ಳುವಂತೆಯೇ ಇಲ್ಲ. ಜಪಾನಿನಲ್ಲಿ ಕೃಷಿಭೂಮಿ ಪಡೆಯಲು ಸ್ಥಳೀಯ ಕೃಷಿ ಸಮಿತಿಯ ಒಪ್ಪಿಗೆ ಬೇಕು. ಕನಿಷ್ಠ ಇಷ್ಟು ವಿಸ್ತೀರ್ಣ ಇರಲೇಬೇಕೆಂಬ ಷರತ್ತನ್ನು ಮಾತ್ರ ಅಲ್ಲಿ 2023ರ ಏಪ್ರಿಲ್‌ನಲ್ಲಿ ತೆಗೆದುಹಾಕಲಾಯಿತು. ಆದ್ದರಿಂದ ಮೊದಲ ಕೆಲವು ವರ್ಷ ಗೇಣಿಗೆ ಪಡೆಯುವುದೇ ಕ್ಷೇಮ. ನೀವು ನೆಟ್ಟ ಗಿಡ, ಹಾಕಿದ ಬೇಲಿ, ತೋಡಿಸಿದ ಬಾವಿ ಅವಧಿ ಮುಗಿದ ಮೇಲೆ ಯಾರಿಗೆ ಸೇರುತ್ತವೆ ಎಂಬುದು ಕರಾರಿನಲ್ಲಿ ಬರವಣಿಗೆಯಲ್ಲೇ ಇರಲಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ನೀರು. ಚಿಲಿಯಲ್ಲಿ ಮತ್ತು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೀರಿನ ಹಕ್ಕು ಭೂಮಿಯಿಂದ ಬೇರ್ಪಟ್ಟಿರಬಹುದು; ಹೊಲದ ಅಂಚಿನಲ್ಲೇ ಕಾಲುವೆ ಹರಿಯುತ್ತಿದ್ದರೂ ಅದರಿಂದ ಒಂದು ಕೊಡ ನೀರೆತ್ತುವ ಅಧಿಕಾರ ನಿಮಗೆ ಇಲ್ಲದಿರಬಹುದು. ಜಮೀನನ್ನು ವರ್ಷದ ಅತ್ಯಂತ ಒಣ ತಿಂಗಳಲ್ಲಿ ನೋಡಿ. ಪಂಪ್ ಹಾಕಿಸಿ, ಒಂದು ಗಂಟೆ ಹರಿಯಲು ಬಿಟ್ಟು, ಆಮೇಲೆ 20 ಲೀಟರಿನ ಬಕೆಟ್ ಹಿಡಿದು ತುಂಬುವ ಸಮಯವನ್ನು ಎಣಿಸಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,800 ಲೀಟರ್ ಆಯಿತು. ಕಾಲು ಎಕರೆ, ಅಂದರೆ ಸುಮಾರು 1,000 ಚದರ ಮೀಟರ್ ತರಕಾರಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು, ಅಂದರೆ ಚದರ ಮೀಟರಿಗೆ 5 ಲೀಟರ್, ಬೇಕೆಂದರೆ ಒಟ್ಟು 5,000 ಲೀಟರ್. ಆ ಪಂಪ್ ಪ್ರತಿದಿನ ಸುಮಾರು ಮೂರು ಗಂಟೆ ಓಡಬೇಕು.

ಮಣ್ಣಿನಲ್ಲಿ ಯಾವುದು ಎಷ್ಟಿದೆ ಎಂದು ತಿಳಿಯಲು ಅದನ್ನು ಗಾಜಿನ ಜಾಡಿಯಲ್ಲಿ ನೀರಿನೊಡನೆ ಕುಲುಕಿ ಇಟ್ಟರೆ ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ರೇವೆ ಕೆಲವು ಗಂಟೆಗಳಲ್ಲಿ; ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿದಂತೆಯೇ ಇಟ್ಟಿರುತ್ತದೆ. ಮಣ್ಣಿನ ರಸಸಾರವನ್ನು (ಪಿಎಚ್), ಅಂದರೆ ಅದು ಎಷ್ಟು ಹುಳಿ ಅಥವಾ ಕ್ಷಾರ ಎಂಬುದನ್ನು, ಪ್ರಯೋಗಾಲಯದಲ್ಲೇ ಪರೀಕ್ಷಿಸಿ. ಹೆಚ್ಚಿನ ತರಕಾರಿಗಳಿಗೆ 6ರಿಂದ 7 ಹಿತ.

ಪ್ರೀತಿಯ ಬೀಜಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುವ ಆಸೆ ಸಹಜವೇ, ಆದರೆ ಹಾಗೆ ಮಾಡಬೇಡಿ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಬೀಜ ಒಯ್ಯಲು 2019ರ ಡಿಸೆಂಬರ್ 14ರಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಕಡ್ಡಾಯವಾಗಿದೆ. ಅಲ್ಲಿನ ನೆರೆಯವರು ಹಲವು ವರ್ಷ ಉಳಿಸಿಕೊಂಡು ಬಂದ ಬೀಜವನ್ನು ಕೇಳಿ ಪಡೆಯಿರಿ, ಕೊನೆಯ ಹಿಮ ಬೀಳುವ ವಾರ ಯಾವುದೆಂದೂ ಅವರನ್ನೇ ಕೇಳಿ. ಮೊದಲ ವರ್ಷ ಜಮೀನಿನ ಕಾಲುಭಾಗದಲ್ಲಿ ಮಾತ್ರ ಮಾರುವ ಬೆಳೆ ಇಟ್ಟು, ಉಳಿದುದರಲ್ಲಿ ಹಸಿರೆಲೆ ಗೊಬ್ಬರದ ಗಿಡಗಳನ್ನು ಬಿತ್ತಿ.