ಕಾರಿನ ಕ್ಯಾಲಿಪರ್‌ಗೆ ಸರಿಯಾದ ಬ್ಲೀಡರ್ ಸ್ಕ್ರೂ ಆರಿಸುವುದು ಹೇಗೆ?

ಕುಂದಾಪುರದಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಕಡಲ ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗವೇ ಕ್ಯಾಲಿಪರ್; ಅದರೊಳಗಿನ ಹಳೆಯ ಆಯಿಲ್, ಗಾಳಿ ಹೊರಬಿಡಲು ಇರುವುದೇ ಬ್ಲೀಡರ್ ಸ್ಕ್ರೂ. ಬ್ರೇಕ್ ಆಯಿಲ್ ಬದಲಿಸಲು ಬರುವ ಕಾರುಗಳಲ್ಲಿ ಅದು ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಇಲ್ಲಿ ಮಾಮೂಲು. ತೆಗೆಯಲು ಹೋದರೆ ತಲೆಯ ಮೂಲೆಗಳು ಸವೆಯುತ್ತವೆ, ಇಲ್ಲವೇ ಸ್ಕ್ರೂ ಅರ್ಧಕ್ಕೇ ಮುರಿಯುತ್ತದೆ. ಆಗ ಹೊಸದು ಹಾಕಲೇಬೇಕು. ಆದರೆ ‘ಥ್ರೆಡ್ ಹತ್ತಿತು, ಸಾಕು’ ಎಂದು ಕೈಗೆ ಸಿಕ್ಕಿದ್ದನ್ನು ಹಾಕುವುದು ಬೇಡ. ಬ್ರೇಕ್ ಒತ್ತಿದಾಗ ಒಳಗಿನ ಅಷ್ಟೂ ಒತ್ತಡವನ್ನು ಈ ಪುಟ್ಟ ಸ್ಕ್ರೂ ತಡೆದು ನಿಲ್ಲಿಸಬೇಕು.

ಮೊದಲು ಹಳೆಯ ಸ್ಕ್ರೂ ಕೈಯಲ್ಲಿ ಹಿಡಿದು ನೋಡಿ. ತುದಿ ಶಂಕುವಿನ ಹಾಗೆ ಚೂಪಾಗಿದೆ. ಅದರ ಸ್ವಲ್ಪ ಮೇಲೆ ಪಕ್ಕದಲ್ಲೊಂದು ಸಣ್ಣ ತೂತು. ಆ ತೂತಿನಿಂದ ನಡುವಿನ ಕೊಳವೆಗೆ ದಾರಿ, ಅಲ್ಲಿಂದ ಆಯಿಲ್ ಮೇಲೆ ಬರುತ್ತದೆ. ತುದಿಯನ್ನು ಒರೆಸಿ ಬೆಳಕಿಗೆ ಹಿಡಿದರೆ ಸುತ್ತಲೂ ಕೂದಲೆಳೆಯಷ್ಟು ತೆಳುವಾದ, ಹೊಳೆಯುವ ಒಂದು ಉಂಗುರ ಕಾಣುತ್ತದೆ. ಕ್ಯಾಲಿಪರ್ ಒಳಗಿನ ಸೀಟಿಗೆ ಸ್ಕ್ರೂ ಒತ್ತಿ ಕೂರುವ ಜಾಗ ಅದು. ಆಯಿಲ್ ನಿಲ್ಲುವುದು ಅಲ್ಲಿ. ಥ್ರೆಡ್‌ನ ಕೆಲಸ ಆ ತುದಿಯನ್ನು ಒತ್ತಿ ಹಿಡಿಯುವುದು ಮಾತ್ರ. ಇದೊಂದು ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಸುಲಭದ ದಾರಿ ಎಂದರೆ ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಪಾರ್ಟ್ ತರಿಸುವುದು. ಮುಂದಿನ ಮತ್ತು ಹಿಂದಿನ ಚಕ್ರದ ಸ್ಕ್ರೂ ಬೇರೆ ಬೇರೆ ಇರಬಹುದು, ಯಾವುದು ಬೇಕೆಂದು ಹೇಳಿ. ಹಿಂದಿನ ಓನರ್ ಕ್ಯಾಲಿಪರ್ ಬದಲಿಸಿದ್ದರೆ ಮಾತ್ರ ಚಾಸಿಸ್ ನಂಬರ್ ನಂಬಬೇಡಿ. ಆಗ ಅಳತೆ ಮಾಡಲೇಬೇಕು.

ವರ್ನಿಯರ್‌ನಲ್ಲಿ ಥ್ರೆಡ್‌ನ ಹೊರ ವ್ಯಾಸ ಅಳೆಯಿರಿ. ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು 7, 8 ಮತ್ತು 10 ಮಿಲಿಮೀಟರ್. 6 ಕೂಡ ಇದೆ. ನಂತರ ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಇರುವ ದೂರ. 7ಕ್ಕೆ ಮತ್ತು 10ಕ್ಕೆ ಸಾಮಾನ್ಯವಾಗಿ 1.0, 8ಕ್ಕೆ 1.25. ಪಿಚ್ ಗೇಜ್ ಇಲ್ಲದಿದ್ದರೆ 10 ಮಿಲಿಮೀಟರ್ ಉದ್ದದಲ್ಲಿ ಎಷ್ಟು ಥ್ರೆಡ್ ಇವೆ ಎಂದು ಎಣಿಸಿ. 10 ಇದ್ದರೆ ಪಿಚ್ 1.0, 8 ಇದ್ದರೆ 1.25. ಥ್ರೆಡ್ ಅಷ್ಟು ಉದ್ದ ಇಲ್ಲದಿದ್ದರೆ 5 ಮಿಲಿಮೀಟರ್‌ಗೆ ಎಣಿಸಿ ಎರಡರಿಂದ ಗುಣಿಸಿದರಾಯಿತು. ಸ್ಪ್ಯಾನರ್ ಸೈಜ್ ನೋಡಿ ಥ್ರೆಡ್ ಊಹಿಸಬೇಡಿ. ತಲೆ ಒಂದೇ ಅಳತೆಯದಿದ್ದು ಥ್ರೆಡ್ ಬೇರೆ ಇರುವ ಸ್ಕ್ರೂಗಳು ಬೇಕಾದಷ್ಟಿವೆ.

ಇಂಚಿನ ಥ್ರೆಡ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಹಳೆಯ ಜೀಪುಗಳಲ್ಲಿ, ಅಮೆರಿಕದ ಗಾಡಿಗಳಲ್ಲಿ ಇವು ಬರುತ್ತವೆ. ಬಿಡಿ ಸ್ಕ್ರೂ ತುಂಬಿದ ಡಬ್ಬಿಯಲ್ಲಿ ಎಲ್ಲ ಸೇರಿಕೊಂಡಿರುತ್ತವೆ. ಇಂಚಿಗೆ 24 ಥ್ರೆಡ್ ಇರುವ 3/8 ಇಂಚಿನ ಸ್ಕ್ರೂವಿನ ವ್ಯಾಸ ಸುಮಾರು 9.5 ಮಿಲಿಮೀಟರ್, ಪಿಚ್ 1.06ರ ಹತ್ತಿರ. ಅದನ್ನು 10×1.0 (ವ್ಯಾಸ 10, ಪಿಚ್ 1.0) ತೂತಿಗೆ ಹಾಕಿದರೆ ಕೈಯಲ್ಲೇ ಸಲೀಸಾಗಿ ಇಳಿಯುತ್ತದೆ, ಸ್ವಲ್ಪ ಅಲ್ಲಾಡುತ್ತದೆ ಅಷ್ಟೆ. ಸ್ಪ್ಯಾನರ್ ಹಾಕಿದರೆ ಟೈಟ್ ಆದಂತೆಯೂ ಅನಿಸುತ್ತದೆ. ಆದರೆ ಥ್ರೆಡ್‌ಗಳು ಒಂದನ್ನೊಂದು ಹಿಡಿದಿರುವುದು ಥ್ರೆಡ್ಡಿನ ಏಣಿನ ತುದಿಯಲ್ಲಷ್ಟೆ. ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರಬಹುದು. ಅಲ್ಲಾಡುವ ಸ್ಕ್ರೂ ಯಾವ ಕಾರಣಕ್ಕೂ ಬೇಡ. ಒಂದೆರಡು ಸುತ್ತಿಗೇ ಬಿಗಿಯಾಗುವುದೂ ಬೇಡ, ಅದು ಕ್ಯಾಲಿಪರ್‌ನ ಥ್ರೆಡ್ಡನ್ನೇ ತಿನ್ನುತ್ತದೆ. ಸರಿಯಾದದ್ದು ತೂತು ಸ್ವಚ್ಛವಾಗಿದ್ದರೆ ಸೀಟು ಮುಟ್ಟುವ ತನಕ ಬೆರಳಲ್ಲೇ ಇಳಿಯಬೇಕು.

ಇನ್ನು ಉದ್ದ. ಹಳೆಯದು, ಹೊಸದು ಎರಡನ್ನೂ ಪಕ್ಕ ಪಕ್ಕ ಇಟ್ಟು ತುದಿಯ ಇಳಿಜಾರು, ಥ್ರೆಡ್ ಇಲ್ಲದ ಮೂತಿಯ ದಪ್ಪ, ಪಕ್ಕದ ತೂತಿನ ಜಾಗ, ತಲೆಯ ಕೆಳಗಿನಿಂದ ತುದಿಯವರೆಗಿನ ಉದ್ದ ನೋಡಿ. ಹಾಕಿ ಟೈಟ್ ಮಾಡಿದ ಮೇಲೆ ತಲೆಗೂ ಕ್ಯಾಲಿಪರ್‌ಗೂ ನಡುವೆ ಕಣ್ಣಿಗೆ ಕಾಣುವಷ್ಟು ಸಂದಿ ಉಳಿಯಲೇಬೇಕು. ತಲೆ ಹೋಗಿ ಕ್ಯಾಲಿಪರ್‌ಗೆ ತಾಗಿದರೆ ತುದಿ ಸೀಟಿಗೆ ಸರಿಯಾಗಿ ಕೂತಿಲ್ಲ ಎಂದೇ ಲೆಕ್ಕ. ಎಷ್ಟು ಬಿಗಿ ಮಾಡಿದರೂ ಅದು ಸೋರುತ್ತದೆ.

ಸ್ಟೀಲಾ, ಸ್ಟೇನ್‌ಲೆಸ್ಸಾ ಎಂದು ಬಹಳ ಜನ ಕೇಳುತ್ತಾರೆ. ಬೀಡು ಕಬ್ಬಿಣದ ಕ್ಯಾಲಿಪರ್‌ಗೆ ಸತುವಿನ ಲೇಪನದ ಸ್ಟೀಲ್ ಸ್ಕ್ರೂ ಸಾಕು. ಕರಾವಳಿಯಲ್ಲಿ ಸ್ಟೇನ್‌ಲೆಸ್ ತಲೆಗೆ ತುಕ್ಕು ಕಡಿಮೆ, ನಿಜ. ಆದರೆ ಅಲ್ಯೂಮಿನಿಯಂ ಕ್ಯಾಲಿಪರ್ ಆದರೆ ಉಪ್ಪಿನ ತೇವದಲ್ಲಿ ಎರಡು ಲೋಹ ಸೇರಿ ಅಲ್ಯೂಮಿನಿಯಂ ಕಡೆಯೇ ಕೊರೆಯುತ್ತದೆ, ಸ್ಕ್ರೂ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಕಂಪನಿ ಕೊಟ್ಟ ಬಗೆಯದನ್ನೇ ಹಾಕಿ ಎನ್ನುತ್ತೇನೆ. ಯಾವುದೇ ಆದರೂ ಥ್ರೆಡ್‌ನ ಮೇಲ್ಭಾಗಕ್ಕೆ ತೆಳುವಾಗಿ ಆ್ಯಂಟಿ ಸೀಜ್ (ಸ್ಕ್ರೂ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಸವರಬಹುದು. ತುದಿಗೂ ತೂತಿಗೂ ತಾಗಬಾರದು.

ಟೆಫ್ಲಾನ್ ಟೇಪ್ ಸುತ್ತಿದ ಸ್ಕ್ರೂಗಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಸೋರುವುದು ಸೀಟಿನಲ್ಲಿ, ಟೇಪ್ ಸುತ್ತುವುದು ಥ್ರೆಡ್‌ಗೆ! ಟೇಪಿನ ಚೂರು ಕಿತ್ತು ಬ್ರೇಕ್ ಆಯಿಲ್ ದಾರಿಗೆ ಬಿದ್ದರೆ ಹೊಸ ತೊಂದರೆ. ಹೊಸ ಸ್ಕ್ರೂ ಹಾಕಿಯೂ ಸೋರುತ್ತಿದ್ದರೆ ಕ್ಯಾಲಿಪರ್ ಒಳಗಿನ ಸೀಟಿನಲ್ಲಿ ಗೀರು ಅಥವಾ ಗುಂಡಿ ಬಿದ್ದಿರುತ್ತದೆ. ಅದಕ್ಕೆ ಸ್ಕ್ರೂ ಬದಲಿಸುತ್ತಾ ಕೂತರೆ ಪ್ರಯೋಜನವಿಲ್ಲ, ಕ್ಯಾಲಿಪರ್ ಕಡೆ ನೋಡಬೇಕು.

ಒಬ್ಬರೇ ಬ್ಲೀಡ್ ಮಾಡಲು, ಅಂದರೆ ಬ್ರೇಕ್ ಒಳಗಿನ ಗಾಳಿ ತೆಗೆಯಲು, ಒಳಗೆ ಸ್ಪ್ರಿಂಗು, ಗುಂಡು ಇರುವ ಸ್ಕ್ರೂಗಳೂ ಸಿಗುತ್ತವೆ. ಪೆಡಲ್ ಬಿಟ್ಟಾಗ ಗಾಳಿ ವಾಪಸ್ ಹೋಗುವುದಿಲ್ಲ. ಮನೆಯಲ್ಲಿ ಕೆಲಸ ಮಾಡುವವರಿಗೆ ಅನುಕೂಲವೇ. ಅವುಗಳ ಥ್ರೆಡ್‌ಗೆ ತಯಾರಕರೇ ಹಚ್ಚಿರುವ ಸೀಲೆಂಟ್ ಇರುತ್ತದೆ, ಸ್ಕ್ರೂ ಸಡಿಲಿಸಿದಾಗ ಥ್ರೆಡ್ ಸಂದಿಯಿಂದ ಗಾಳಿ ಎಳೆಯದಿರಲಿ ಎಂದು. ಅದನ್ನು ಉಜ್ಜಿ ತೆಗೆಯಬೇಡಿ. ಅಳತೆಯ ನಿಯಮವೆಲ್ಲ ಇವಕ್ಕೂ ಅದೇ.

ಹಾಕುವಾಗ ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಬಳಸಿ, ಓಪನ್ ಸ್ಪ್ಯಾನರ್ ಬೇಡ. ಟಾರ್ಕ್ (ಬಿಗಿಸುವ ಬಲ) ಎಷ್ಟೆಂದು ಸರ್ವಿಸ್ ಪುಸ್ತಕದಲ್ಲಿ ನೋಡಿ. ಹಲವು ಕಾರುಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಮಣಿಕಟ್ಟಿನ ಬಲ ಸಾಕು. ಕ್ಯಾಲಿಪರ್ ಕಳಚಿದ್ದರೆ ಸ್ಕ್ರೂ ಮೇಲ್ಗಡೆ ಇದೆಯೇ ನೋಡಿ. ಎಡ, ಬಲ ಅದಲು ಬದಲಾಗಿ ಸ್ಕ್ರೂ ಕೆಳಗೆ ಬಂದರೆ ಒಳಗಿನ ಗಾಳಿ ಹೊರಬರುವುದೇ ಇಲ್ಲ. ಏರ್ ತೆಗೆದ ಮೇಲೆ ಸುತ್ತಲೂ ನೀರು ಹಾಕಿ ತೊಳೆದು ಒಣಗಿಸಿ, ಇಂಜಿನ್ ಚಾಲೂ ಮಾಡಿ ಒಂದು ನಿಮಿಷ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲು ಯಾರಿಗಾದರೂ ಹೇಳಿ. ಆಗ ಸ್ಕ್ರೂ ಬುಡಕ್ಕೂ ಬಾಯಿಗೂ ಟಿಶ್ಯೂ ಪೇಪರ್ ಒತ್ತಿ ನೋಡಿ. ಒಂದು ಚುಕ್ಕಿ ಒದ್ದೆ ಕಂಡರೂ ಕಾರು ರಸ್ತೆಗೆ ಇಳಿಸಬೇಡಿ.

ಕೊನೆಗೆ ರಬ್ಬರ್ ಕ್ಯಾಪ್. ಹೊಸ ಸ್ಕ್ರೂ ಜೊತೆ ಬರದಿದ್ದರೆ ಕೇಳಿ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಮಳೆಗಾಲದ ಕೆಸರು ನಡುವಿನ ಕೊಳವೆಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ, ಸ್ಕ್ರೂ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.