ಜೂನ್ ಮಳೆಯಲ್ಲೂ ಕೈಬಿಡದ ಕೆಲಸ: ಕೊಡಗಿನ ಅಂಗವಿಕಲರು ಕೆಲಸ ಹಿಡಿಯುವುದು, ಉಳಿಸಿಕೊಳ್ಳುವುದು ಹೇಗೆ?

ಕಾಫಿ ಕೊಯ್ಲು ಶುರುವಾದರೆ ಕೊಡಗಿನಲ್ಲಿ ಕೆಲಸಕ್ಕೆ ಜನ ಸಾಲುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಊರುಗೋಲು ಹಿಡಿದವರನ್ನೂ ಕಿವಿ ಕೇಳದವರನ್ನೂ ‘ನಾಳೆಯಿಂದಲೇ ಬನ್ನಿ’ ಎಂದು ಕರೆಯುವ ತೋಟಗಳು ಸಿಗುತ್ತವೆ. ಕಷ್ಟ ಇರುವುದು ಜೂನ್‌ನಲ್ಲಿ. ದಾರಿ ಜಾರುತ್ತದೆ, ಬಸ್ಸು ತಪ್ಪುತ್ತದೆ, ಕರೆಂಟ್ ಹೋಗುತ್ತದೆ, ಶ್ರವಣಯಂತ್ರಕ್ಕೆ ತೇವ ಹಿಡಿಯುತ್ತದೆ. ಹೇಳದೆ ಹತ್ತು ದಿನ ತಪ್ಪಿಸಿಕೊಂಡರೆ ಆ ಜಾಗದಲ್ಲಿ ಬೇರೊಬ್ಬರು ಕೂತಿರುತ್ತಾರೆ. ಆದ್ದರಿಂದ ಕೆಲಸ ಕೇಳಲು ಹೊರಡುವ ದಿನವೇ ಮಳೆಗಾಲದ ಲೆಕ್ಕವನ್ನೂ ಹಾಕಿಕೊಳ್ಳಬೇಕು.

ಮೊದಲು ಕಾಗದ

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ ಇಲ್ಲದಿದ್ದರೆ ಅದರಿಂದಲೇ ಶುರು ಮಾಡಿ. ಅರ್ಜಿ ಹಾಕುವುದು ಸ್ವಾವಲಂಬನ್ ಜಾಲತಾಣದಲ್ಲಿ. ಸೈಬರ್ ಸೆಂಟರ್‌ಗೆ ದುಡ್ಡು ಕೊಡುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯು ಅವರನ್ನು ಕೇಳಿ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು ಇರುತ್ತಾರೆ, ಪಟ್ಟಣದಲ್ಲಿ ಯುಆರ್‌ಡಬ್ಲ್ಯು. ಇವರಲ್ಲಿ ಹೆಚ್ಚಿನವರು ತಾವೂ ಅಂಗವಿಕಲರೇ ಆಗಿರುವುದರಿಂದ ಯಾವ ಕಾಗದ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು. ಅವರ ಮೇಲಿನ ಕಚೇರಿ ಮಡಿಕೇರಿಯಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳದ್ದು.

ಕೊಡಗಿನಲ್ಲಿ ಅರ್ಜಿಗೆ ದೊಡ್ಡ ತೊಡಕು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಒಂದೇ ಅಕ್ಷರದ ಇನಿಷಿಯಲ್ ಆಗಿರುತ್ತದೆ. ಆಧಾರ್‌ನಲ್ಲಿ ಅದೇ ಪೂರ್ತಿ ಬಿಡಿಸಿ ಮುಂದೆ ಬಂದಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹಿಂದೆ ಹೋಗಿರುತ್ತದೆ. ಮೂರನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ಆಧಾರ್ ತಿದ್ದಿಸಿದ ಮೇಲೆಯೇ ಯುಡಿಐಡಿಗೆ ಹೋಗಿ. ತಪ್ಪು ಹೆಸರಿನ ಕಾರ್ಡ್ ಬಂದರೆ ನೇಮಕಾತಿಯ ಮೂಲ ದಾಖಲೆ ಪರಿಶೀಲನೆಯ ದಿನ, ಅಂದರೆ ಸರಿಪಡಿಸಲು ಸಮಯವೇ ಇಲ್ಲದ ದಿನ, ಅದು ಎದುರು ನಿಲ್ಲುತ್ತದೆ.

ಅರ್ಜಿಯ ಮೇಲೆ ವೈದ್ಯಕೀಯ ತಪಾಸಣೆಗೆ ಕೊಟ್ಟ ದಿನ ಹಳೆಯ ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ) ಎಲ್ಲವನ್ನೂ ಒಯ್ಯಿರಿ. ಕಿವಿಯ ಪರೀಕ್ಷೆ ಇನ್ನೂ ಆಳವಾಗಿ ಆಗಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕಾಗಬಹುದು. ಆ ಒಂದು ದಿನವನ್ನು ಮೊದಲೇ ಎತ್ತಿಡಿ. ಕಾರ್ಡ್ ಕೈಗೆ ಬಂದಾಗ ಎರಡು ವಿಷಯ ನೋಡಿಕೊಳ್ಳಿ. ಒಂದು, ಶೇಕಡಾವಾರು: ಹಳದಿ ಪಟ್ಟಿ ಶೇ 40ರಿಂದ ಮೇಲೆ, ನೀಲಿ ಶೇ 80ರಿಂದ ಮೇಲೆ, ಬಿಳಿ ಶೇ 40ಕ್ಕಿಂತ ಕೆಳಗೆ. ಇನ್ನೊಂದು, ಪ್ರಮಾಣಪತ್ರ ಶಾಶ್ವತವೋ ತಾತ್ಕಾಲಿಕವೋ ಎಂಬುದು. ತಾತ್ಕಾಲಿಕವಾದರೆ ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅವಧಿ ಮುಗಿದ ಪ್ರಮಾಣಪತ್ರದ ಮೇಲೆ ಹಾಕಿದ ಅರ್ಜಿ ಬಿದ್ದುಹೋಗುತ್ತದೆ.

ಶೇ 40ಕ್ಕಿಂತ ಕಡಿಮೆ ಬಂದವರು ‘ನಮಗೆ ಏನೂ ಇಲ್ಲ’ ಎಂದು ಕೈಚೆಲ್ಲುತ್ತಾರೆ. ಅದು ತಪ್ಪು. ಮೀಸಲಾತಿಗೆ ಶೇ 40 ಬೇಕು, ನಿಜ. ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ತಾರತಮ್ಯದ ವಿರುದ್ಧ ಕೊಡುವ ರಕ್ಷಣೆಗೆ ಈ ಗೆರೆ ಇಲ್ಲ. ತಕ್ಕ ಅನುಕೂಲ ಕೇಳಲು ಶೇ 40 ತೋರಿಸಬೇಕಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ.

ಹುದ್ದೆ ಹುಡುಕಬೇಡಿ, ಕೆಲಸವನ್ನು ಬಿಡಿಸಿ ನೋಡಿ

‘ತೋಟದ ಕೆಲಸ ನನ್ನಿಂದ ಆಗುತ್ತದೆಯೇ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ತೋಟದ ಕೆಲಸ ಎಂದರೆ ಇಪ್ಪತ್ತು ಕೆಲಸ. ಇಳಿಜಾರಿನಲ್ಲಿ ಗಿಡದಿಂದ ಗಿಡಕ್ಕೆ ಹೋಗಿ ಹಣ್ಣು ಕೊಯ್ಯುವುದು ಒಂದು, ಕೂತು ನರ್ಸರಿ ಚೀಲ ತುಂಬುವುದು ಇನ್ನೊಂದು. ಕಣದಲ್ಲಿ ಕಾಫಿ ಹರವಿ ಕೈಯಾಡಿಸುವುದು, ಮೆಣಸು ಬಿಡಿಸುವುದು, ತೂಕ ಬರೆಯುವುದು, ರೈಟರ್ (ತೋಟದ ಗುಮಾಸ್ತ) ಜೊತೆ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ) ತುಂಬುವುದು, ಸ್ಟೋರ್‌ನ ಲೆಕ್ಕ ಇಡುವುದು ಎಲ್ಲ ಬೇರೆ ಬೇರೆ.

ನರ್ಸರಿಯನ್ನೇ ತೆಗೆದುಕೊಳ್ಳಿ. ಕಾಫಿ ಸಸಿಗೆ ರೂಢಿಯಲ್ಲಿರುವ ಚೀಲ 9 ಇಂಚು ಉದ್ದ, 6 ಇಂಚು ಅಗಲದ್ದು. ಆರು ಪಾಲು ಕಾಡುಮಣ್ಣು, ಎರಡು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬುತ್ತಾರೆ. ಕಾಲಿನ ತೊಂದರೆ ಇರುವವರು ಇದನ್ನು ಕೂತೇ ಮಾಡಬಹುದು, ಆದರೆ ಮೂರು ಏರ್ಪಾಡು ಬೇಕು. ಬೆರೆಸಿದ ಮಣ್ಣು ಅವರ ಬಲಗೈ ಹತ್ತಿರಕ್ಕೆ ಬರಬೇಕು, ತುಂಬಿದ ಚೀಲ ಎತ್ತಲು ಒಬ್ಬರು ಇರಬೇಕು, ನೆಲದಲ್ಲಿ ಕುಕ್ಕರಗಾಲಲ್ಲಿ ಕೂರುವ ಬದಲು ಎತ್ತರದ ಹಲಗೆ ಬೇಕು. ಇವಿಲ್ಲದೆ ಕೂರಿಸಿದರೆ ಅರ್ಧ ಹೊತ್ತು ಮಣ್ಣಿಗಾಗಿ ಕಾಯುವುದರಲ್ಲೇ ಹೋಗುತ್ತದೆ, ‘ನಿಧಾನ’ ಎಂಬ ಹೆಸರು ಮಾತ್ರ ಕೂತವರಿಗೆ ಬರುತ್ತದೆ. ಕಣ್ಣು ಮಂದವಾಗಿರುವವರೂ ಮುಟ್ಟಿ ನೋಡಿ ಚೆನ್ನಾಗಿ ತುಂಬಬಲ್ಲರು. ಚೀಲದ ತಳದ ಎರಡು ಮೂಲೆಗೂ ಮಣ್ಣು ಇಳಿದಿದೆಯೇ ಎಂದು ಬೆರಳಿನಲ್ಲಿ ಒತ್ತಿ ನೋಡಬೇಕು. ಮೂಲೆ ಟೊಳ್ಳಾದರೆ ಚೀಲ ಮಡಚಿಕೊಂಡು ವಾಲುತ್ತದೆ, ಬೇರು ಸೊಟ್ಟಗಾಗುತ್ತದೆ.

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ) ಕಪ್ಪು ಬೀಜ, ಒಡೆದ ಬೀಜ ಆರಿಸುವ ಕೆಲಸ ಸಮತಟ್ಟಾದ ನೆಲದ ಮೇಲಿನದ್ದು, ಬಸ್ ದಾರಿಗೂ ಹತ್ತಿರ. ಯಂತ್ರದ ಸದ್ದಿನಲ್ಲಿ ಎಲ್ಲರೂ ಸನ್ನೆಯಲ್ಲೇ ಮಾತಾಡುವ ಜಾಗ ಅದು. ಕಿವಿ ಕೇಳದವರಿಗೆ ಅಲ್ಲಿ ಕೊರತೆಯಾಗುವುದು ಲಾರಿ ಹಿಂದೆ ಬರುವಾಗಿನ ಹಾರ್ನ್ ಮತ್ತು ಬೆಂಕಿಯ ಗಂಟೆ. ನಡೆದಾಡುವ ಜಾಗಕ್ಕೆ ಹಳದಿ ಗೆರೆ, ಗಂಟೆಯ ಜೊತೆಗೆ ಮಿನುಗುವ ದೀಪ ಹಾಕಿಸಿದರೆ ಸಾಕು. ಹೋಂಸ್ಟೇಗಳಲ್ಲಿ ಬುಕಿಂಗ್ ಕರೆ, ಮೆಸೇಜಿಗೆ ಉತ್ತರ, ಜಿಎಸ್‌ಟಿ ಬಿಲ್ ಇವನ್ನು ಮನೆಯಿಂದಲೇ ಮಾಡಬಹುದು. ಇದನ್ನು ಒಪ್ಪಿಕೊಳ್ಳುವ ಮೊದಲು ಮನೆಯಲ್ಲಿ ಇನ್ವರ್ಟರ್ ಇದೆಯೇ, ಕರೆಂಟ್ ಹೋದಾಗಲೂ ನೆಟ್‌ವರ್ಕ್ ಉಳಿಯುತ್ತದೆಯೇ ಎಂದು ಒಂದು ಜುಲೈ ದಿನವನ್ನು ನೆನಪಿಸಿಕೊಂಡು ಹೇಳಿ.

ಕೇಳುವ ಬಗೆ

ಕರುಣೆ ಕೇಳಿದರೆ ಕರುಣೆಯಷ್ಟೇ ಸಿಗುತ್ತದೆ, ಅದೂ ಒಂದು ಸೀಸನ್‌ಗೆ. ಮಾಡುವ ಕೆಲಸ, ಬೇಕಾದ ಅನುಕೂಲ, ಪರೀಕ್ಷಾ ಅವಧಿ ಈ ಮೂರನ್ನು ಒಂದೇ ಉಸಿರಿನಲ್ಲಿ ಹೇಳಿ: ‘ಸರ್, ನಾನು ತೂಕದ ಲೆಕ್ಕ ಬರೆಯಬಲ್ಲೆ, ಮೊಬೈಲ್‌ನಲ್ಲಿ ಎಂಟ್ರಿ ಮಾಡಬಲ್ಲೆ. ಇಳಿಜಾರು ಇಳಿಯಲು ಆಗುವುದಿಲ್ಲ, ಕಣದ ಪಕ್ಕ ಕೂರಲು ಜಾಗ ಬೇಕು. ಒಂದು ವಾರ ನೋಡಿ, ಆ ವಾರದ ಕೂಲಿ ಕೊಡಿ. ಆಮೇಲೆ ತೀರ್ಮಾನ ಮಾಡಿ.’

‘ನಿಮಗೆ ಅರ್ಧ ಕೂಲಿ’ ಎಂದರೆ ಒಪ್ಪಬೇಡಿ. ಎಂಟು ಗಂಟೆ ಆಗದಿದ್ದರೆ ಐದು ಗಂಟೆಗೆ ಮಾತಾಡಿ, ಆದರೆ ಗಂಟೆಯ ದರ ಪಕ್ಕದವರದ್ದೇ ಇರಲಿ. ಒಮ್ಮೆ ಅರ್ಧಕ್ಕೆ ಇಳಿದ ದರವನ್ನು ಮತ್ತೆ ಮೇಲಕ್ಕೆ ತರುವುದು ಬಹಳ ಕಷ್ಟ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕ ಅನುಸರಿಸಿಕೊಂಡು ಬಂದ ಪದ್ಧತಿಯೂ ಇದೇ ದಿಕ್ಕಿನದು: ಅಂಗವಿಕಲರಿಗೆ ಕೆಲಸದ ಅಳತೆಯಲ್ಲಿ ಶೇ 50 ರಿಯಾಯಿತಿ, ಕೂಲಿ ಪೂರ್ತಿ.

ಹೊರಗೆ ಕಾಣದ ತೊಂದರೆಯನ್ನು, ಅಂದರೆ ಮಾನಸಿಕ ಅಸ್ವಸ್ಥತೆಯನ್ನೋ ಒಂದು ಕಿವಿಯ ಕೊರತೆಯನ್ನೋ ಯಾವಾಗ ಹೇಳಬೇಕು? ಕೆಲಸ ಕೊಡುತ್ತೇವೆ ಎಂದ ಮೇಲೆ, ಸೇರುವ ಮೊದಲು. ಕಾಯಿಲೆಯ ಚರಿತ್ರೆ ಬೇಡ; ‘ರಾತ್ರಿ ಪಾಳಿ ಬೇಡ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಅರ್ಧ ದಿನ ಬೇಕು’ ಎಂಬಷ್ಟು ಹೇಳಿದರೆ ಆಯಿತು.

ಸರ್ಕಾರಿ ಹುದ್ದೆಗೆ

ಕೇಂದ್ರ ಕಾಯ್ದೆಯ ಪ್ರಕಾರ ಕನಿಷ್ಠ ಶೇ 4 ಮೀಸಲಾತಿ. ಕರ್ನಾಟಕದಲ್ಲಿ ‘ಎ’ ಮತ್ತು ‘ಬಿ’ ವೃಂದಕ್ಕೆ ಶೇ 4, ‘ಸಿ’ ಮತ್ತು ‘ಡಿ’ ವೃಂದಕ್ಕೆ ಶೇ 5. ವಯೋಮಿತಿಯಲ್ಲಿ 10 ವರ್ಷದ ಸಡಿಲಿಕೆ ಇದೆ. ಅಧಿಸೂಚನೆಯಲ್ಲಿ ಹುದ್ದೆಯ ಪಕ್ಕದ ಸಂಕೇತಾಕ್ಷರ ಓದದೆ ಶುಲ್ಕ ಕಟ್ಟಬೇಡಿ. ಓಎಲ್ ಎಂದರೆ ಒಂದು ಕಾಲು, ಓಎ ಒಂದು ಕೈ, ಎಲ್‌ವಿ ಮಂದದೃಷ್ಟಿ, ಎಚ್‌ಎಚ್ ಕಿವಿ ಮಂದ. ನಿಮ್ಮ ಪ್ರಮಾಣಪತ್ರದ ವಿಧ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅಂಕ ಎಷ್ಟೇ ಬಂದರೂ ಆ ಮೀಸಲು ಸ್ಥಾನ ನಿಮಗೆ ಬಾರದು. ಬರೆಯಲು ಸಹಾಯಕರು ಬೇಕಾದರೆ ಅರ್ಜಿಯಲ್ಲೇ ಆ ಕಾಲಂ ತುಂಬಬೇಕು. ಪರೀಕ್ಷೆಯ ದಿನ ಕೇಳಿದರೆ ತಡವಾಯಿತು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಇದೆ. ಮಡಿಕೇರಿಯ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಇಡಿ. ಡಿಪ್ಲೊಮಾ ಓದುವ ಮನಸ್ಸಿದ್ದರೆ ಅಂಗವಿಕಲರಿಗಾಗಿಯೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್ ಮೈಸೂರಿನಲ್ಲಿದೆ.

ಸೇರಿದ ವಾರವೇ ಆಗಬೇಕಾದ್ದು

ಬಾಯಲ್ಲಿ ಆದ ಒಪ್ಪಂದ ರೈಟರ್ ಬದಲಾದ ದಿನ ಮರೆತುಹೋಗುತ್ತದೆ. ಒಂದು ಪುಟದ ಪತ್ರ ಕೊಡಿ, ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ. ಅದೂ ಆಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ‘ನಾವು ಮಾತಾಡಿಕೊಂಡಂತೆ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 9ಕ್ಕೆ ಬಂದು 5ಕ್ಕೆ ಹೊರಡುತ್ತೇನೆ. ರಸ್ತೆ ಮುಚ್ಚಿದ ದಿನ 8 ಗಂಟೆಯೊಳಗೆ ಮೆಸೇಜ್ ಮಾಡುತ್ತೇನೆ, ಆ ದಿನದ ಲೆಕ್ಕವನ್ನು ಮನೆಯಿಂದ ಮುಗಿಸುತ್ತೇನೆ’ ಎಂಬಂತಹ ಎರಡು ವಾಕ್ಯ ಇಡೀ ಮಳೆಗಾಲವನ್ನು ಕಾಪಾಡುತ್ತದೆ.

ಕಚೇರಿಯಲ್ಲಿ ರ‍್ಯಾಂಪ್ ಮಾಡಿಸುವುದಾದರೆ ಅಳತೆ ಬರೆದು ಕೊಡಿ, ಇಲ್ಲವಾದರೆ ಮೇಸ್ತ್ರಿ ತನಗೆ ತೋಚಿದಂತೆ ಕಟ್ಟುತ್ತಾನೆ. ಒಂದಕ್ಕೆ ಹನ್ನೆರಡರ ಲೆಕ್ಕ: 6 ಇಂಚಿನ ಮೆಟ್ಟಿಲಿಗೆ 6 ಅಡಿ ಉದ್ದ. ಮೂರೇ ಅಡಿಯಲ್ಲಿ ಮುಗಿಸಿದ ರ‍್ಯಾಂಪ್‌ನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚಬಹುದು. ಅಗಲ 4 ಅಡಿ ಇರಲಿ, ಪಕ್ಕಕ್ಕೆ ಕೈಹಿಡಿ ಇರಲಿ. ಮೇಲ್ಮೈಯನ್ನು ನುಣ್ಣಗೆ ಉಜ್ಜಿಸಬೇಡಿ, ರೆಡ್ ಆಕ್ಸೈಡ್ ಬೇಡವೇ ಬೇಡ. ಒರಟು ಸಿಮೆಂಟಿನಲ್ಲಿ ಅಡ್ಡ ಗೀರು ಎಳೆಸಿ. ಇಷ್ಟಾದರೂ ಜುಲೈನಲ್ಲಿ ಪಾಚಿ ಕಟ್ಟುತ್ತದೆ. ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು ಯಾರ ಕೆಲಸ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಕಣ್ಣು ಕಾಣದವರು ಕಂಪ್ಯೂಟರ್ ಕೆಲಸಕ್ಕೆ ಸೇರಿದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ತೆರೆಯ ಮೇಲಿನದನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ತೊಡಕು ಬರುವುದು ಕಡತದಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳೇ ಇರುವುದರಿಂದ ಎನ್‌ವಿಡಿಎಗೆ ಅದು ಅರ್ಥವಿಲ್ಲದ ಸದ್ದು. ‘ಯೂನಿಕೋಡ್‌ನಲ್ಲಿ ಕಳಿಸಿ, ಸ್ಕ್ಯಾನ್ ಮಾಡಿದ ಚಿತ್ರ ಬೇಡ’ ಎಂದು ಮೊದಲ ದಿನವೇ ಹೇಳಿ. ಇದನ್ನು ಹೇಳದೆ ‘ಕಂಪ್ಯೂಟರ್ ಬರುವುದಿಲ್ಲ’ ಎಂದು ಅನಿಸಿಕೊಂಡವರಿದ್ದಾರೆ. ಅದು ನೋವಿನ ವಿಷಯ, ತಪ್ಪಿಸಬಹುದಾದದ್ದು.

ದಾರಿ ಮತ್ತು ಮಳೆ

ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ. ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿ. ಕುಶಾಲನಗರದವರಿಗೆ ಮೈಸೂರು ಈ ಸುತ್ತಿನೊಳಗೆ ಬರುತ್ತದೆ, ಮಡಿಕೇರಿಯವರಿಗೆ ಬರುವುದಿಲ್ಲ. ಈ ಪಾಸ್ ಖಾಸಗಿ ಬಸ್ಸಿಗೆ ನಡೆಯದು. ನಿಮ್ಮೂರಿನ ಬೆಳಗಿನ ಬಸ್ಸು ಖಾಸಗಿಯದ್ದಾದರೆ ತಿಂಗಳ ಬಸ್ ಖರ್ಚನ್ನು ಕೂಲಿಯಿಂದ ಕಳೆದು ನೋಡಿ, ಆಮೇಲೆ ಒಪ್ಪಿಕೊಳ್ಳಿ. ಪಕ್ಕದ ಗಾಲಿ ಹಾಕಿದ ಸ್ಕೂಟರಿಗೆ ಸಾಮಾನ್ಯವಾಗಿ ರಿವರ್ಸ್ ಇರುವುದಿಲ್ಲ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ತಿರುಗಿಸಲು ಇನ್ನೊಬ್ಬರು ಬೇಕಾಗುತ್ತದೆ.

ಆನೆ ಓಡಾಡುವ ಕಡೆ ಬೇಗ ಓಡಲಾಗದವರು, ಕೇಳಿಸದವರು ನಸುಕಿನಲ್ಲಿ ಒಬ್ಬರೇ ನಡೆಯಬಾರದು. ಬೆಳಕು ಹರಿದ ಮೇಲಿನ ಸಮಯವನ್ನೋ ತೋಟದ ಜೀಪನ್ನೋ ಹಕ್ಕಿನಿಂದ ಕೇಳಿ. ಊರಿನಲ್ಲಿ ಆನೆ ಸುದ್ದಿಯ ವಾಟ್ಸ್‌ಆ್ಯಪ್ ಗುಂಪಿದ್ದರೆ ಸೇರಿಕೊಳ್ಳಿ.

ಮೇ ಕೊನೆಯಲ್ಲಿ ಊರುಗೋಲಿನ ರಬ್ಬರ್ ಬುಷ್ ಬದಲಿಸಿ, ಒಂದು ಜೊತೆ ಹೆಚ್ಚಿಗೆ ತೆಗೆದಿಡಿ. ಸವೆದ ಬುಷ್ ಒದ್ದೆ ನೆಲದಲ್ಲಿ ಜಾರುತ್ತದೆ. ಶ್ರವಣಯಂತ್ರವನ್ನು ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಬೇಡಿ, ಬಿಸಿಗೂ ಹೊಗೆಗೂ ಅದು ಕೆಡುತ್ತದೆ.

ಕೆಲಸಕ್ಕೆ ಕುತ್ತು ಬಂದಾಗ

ಸರ್ಕಾರಿ ನೌಕರರು ಅಪಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ಅಂಗವಿಕಲರಾದರೆ ಮನೆಯವರು ಗಾಬರಿಯಲ್ಲಿ ಸ್ವಯಂ ನಿವೃತ್ತಿಗೆ ಸಹಿ ಹಾಕಿಸಿಬಿಡುತ್ತಾರೆ. ಹಾಕಬೇಡಿ. 2016ರ ಕಾಯ್ದೆಯ 20ನೇ ಕಲಂ ಪ್ರಕಾರ ಅವರನ್ನು ತೆಗೆಯುವಂತಿಲ್ಲ, ಕೆಳಗಿಳಿಸುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇರಿಸಿಕೊಳ್ಳಬೇಕು. ಸರ್ಕಾರಿ ಸಂಸ್ಥೆಯಲ್ಲಿ ದೂರನ್ನು ಕುಂದುಕೊರತೆ ಅಧಿಕಾರಿಗೆ ಬರೆದು ಕೊಡಿ. ಅವರು ಎರಡು ವಾರದೊಳಗೆ ವಿಚಾರಿಸಬೇಕು. ಖಾಸಗಿಯವರಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದರೆ ಸಮಾನ ಅವಕಾಶದ ನೀತಿ ಬರೆದಿಟ್ಟಿರಬೇಕು, ಅದರ ಪ್ರತಿ ಕೇಳಿ. ಅಲ್ಲಿಯೂ ರಾಜೀನಾಮೆಯನ್ನು ಆ ಕ್ಷಣದಲ್ಲಿ ಬರೆದುಕೊಡಬೇಡಿ. ‘ನಾಳೆ ಉತ್ತರ ಕೊಡುತ್ತೇನೆ’ ಎಂದು ಹೇಳಿ ಮನೆಗೆ ಬನ್ನಿ.

ಮುಂದಿನ ಮೆಟ್ಟಿಲು ಬೆಂಗಳೂರಿನ ಅಂಗವಿಕಲರ ರಾಜ್ಯ ಆಯುಕ್ತರು. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಯುಡಿಐಡಿ ಕಾರ್ಡ್, ಸೇರಿದ ದಿನ ಕೊಟ್ಟ ಪತ್ರದ ನಕಲು, ಕೂಲಿ ಬಂದ ಬ್ಯಾಂಕ್ ಪಾಸ್‌ಬುಕ್, ಆ ವಾಟ್ಸ್‌ಆ್ಯಪ್ ಮೆಸೇಜುಗಳ ಮುದ್ರಿತ ಪ್ರತಿ ಜೊತೆಗಿರಲಿ.